ಆಕಿ ಮಡಿಯಾಗ ಅದಾಳ

ವಾಡಿ
19 ಏಪ್ರಿಲ್ 2026, ರವಿವಾರ

ನನ್ನ ಮುದ್ದು ಅಮ್ಮಾ,

ಮದುವೆಯಾಗಿ ಎರಡು ತಿಂಗಳಾಯಿತು, ಇನ್ನೂ ಬೆಳಿಗ್ಗೆ ಎದ್ದ ಕೂಡಲೇ ನಗು ಬರುತ್ತದೆ. ನಂದಕಿಶೋರ್ ಹಲ್ಲುಜ್ಜುವುದನ್ನು ನೋಡಿದರೂ ನಗು. ನಿನ್ನೆಯಂತೂ ತಲೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡೇ ಅದನ್ನು ಮನೆಯೆಲ್ಲ ಹುಡುಕಿದರು. ನಾನು ಹೇಳಲಿಲ್ಲ. ಪಾಪ, ಮಂಚದ ಕೆಳಗೂ ಬಗ್ಗಿ ನೋಡಿದರು!

ಫೋನು ಬಿಟ್ಟು ಕಾಗದ ಬರೆಯಬೇಕೆಂದು ಹೋದ ತಿಂಗಳು ನೀನು ಅಪ್ಪನ ಕೈಯಲ್ಲಿ ಹೇಳಿಸಿದಾಗ ನನಗೆ ಸಿಟ್ಟು ಬಂದಿತ್ತು. ‘ಇಂಗ್ಲಿಷ್ ಸಾಲಿ ಕಲ್ತ ಹುಡುಗಿ, ಕನ್ನಡ ಬರಿಯೋದು ಮರೀಬಾರದಂತ ನಿಮ್ಮಮ್ಮಂದು’ ಎಂದರು. ಈಗ ನೋಡು, ಇದೇ ರುಚಿ ಹತ್ತಿದೆ. ಊರಿಗೆಲ್ಲ ‘ಬಾಯಾರು’ ಆದ ಕನ್ನಡ ಟೀಚರ್ ಮಗಳಾಗಿ ಇಷ್ಟಾದರೂ ಬೇಡವೇ?

ಇವರ ಕೆಲಸ ನಿನಗೆ ತೋರಿಸಬೇಕು ಅಮ್ಮಾ. ಸಿಮೆಂಟ್ ಫ್ಯಾಕ್ಟರಿಯವರು ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯ ಬಯಲಿನಲ್ಲಿ ಸೋಲಾರ್ ಪ್ಯಾನಲ್‌ಗಳನ್ನು ಸಾಲುಸಾಲಾಗಿ ನಿಲ್ಲಿಸುತ್ತಿದ್ದಾರೆ. ಸಂಜೆ ಹೊತ್ತು ಅಲ್ಲಿ ನಿಂತರೆ ಬಯಲಿಗೆ ಕೆರೆ ಬಂದಂತೆ ಕಾಣುತ್ತದೆ. ನಮ್ಮ ಮನೆಯಲ್ಲಿ ಈಗ ಇಂಡಕ್ಷನ್ ಒಲೆ ಬಂದಿದೆ. ಬೆಂಕಿ ಇಲ್ಲ, ಹೊಗೆ ಇಲ್ಲ, ಹಾಲು ಕಾಯುತ್ತದೆ! ‘ಸೂರ್ಯನಾರಾಯಣ ಅಡಗಿ ಮಾಡ್ಲಿಕತ್ತಾನ’ ಎಂದು ನಾನು ಕುಣಿದರೆ ಇವರು ನಕ್ಕರು. ‘ಹುಚ್ಚಿ, ಸದ್ಯಕ್ಕ ಅವನಲ್ಲ. ಕಾಲೋನಿ ಕರೆಂಟ್ ಫ್ಯಾಕ್ಟರಿ ಬಾಯ್ಲರ್‌ದು, ಕಲ್ಲಿದ್ದಲದು. ಸೂರ್ಯಾಂದು ಮಳಿಗಾಲ ಮುಗದ ಮ್ಯಾಲ.’

ಸಮುದ್ರದಾಚೆ ಯುದ್ಧವಂತೆ, ಹಡಗುಗಳು ನಿಂತಿವೆಯಂತೆ. ಇಲ್ಲಿ ಸಿಲಿಂಡರ್ ಸಿಗದೆ ಹೋಟೆಲುಗಳೆಲ್ಲ ಮುಚ್ಚಿವೆ. ನಿಮ್ಮಲ್ಲಿ ಗ್ಯಾಸ್ ಇದೆಯಲ್ಲ? ನಿಮ್ಮ ಎರಡರಲ್ಲಿ ಒಂದು ಸಿಲಿಂಡರ್ ನೀನು ನನಗೆ ಕೊಟ್ಟುಬಿಟ್ಟೆ, ಅದಕ್ಕೇ ಕೇಳಿದೆ. ಸಂಕ್ರಾಂತಿಯ ಹೊತ್ತಿಗೆ ಕಲಬುರಗಿಯ ಡಾಕ್ಟರು ಹೇಳಿದ್ದು ಮರೆಯಬೇಡ. ‘ಬಾಯಾರ, ಇನ್ನೊಮ್ಮೆ ಹೊಗಿ ತಗೊಂಡ್ರ ನಿಮ್ಮ ಎದಿ ನಮ್ಮ ಮಾತು ಕೇಳಂಗಿಲ್ಲ.’ ನೀನು ಹಿತ್ತಲಿನ ಮಡಿ ಅಡುಗೆಮನೆಯ ಒಲೆಯ ಕಡೆ ತಿರುಗಿಯೂ ನೋಡಬಾರದು. ಪ್ರಾಮಿಸ್?

ಇನ್ನೊಂದು ಮಾತು. ನಮ್ಮ ಗೇಟಿನ ಹೊರಗೆ ಸೈದಾನಬಿ ಚಾಚಿಯ ಖಾನಾವಳಿ ಇದೆ. ಪ್ಯಾನಲ್ ಕೂಡಿಸುವ ಹುಡುಗರೆಲ್ಲ ಅಲ್ಲೇ ಉಣ್ಣುತ್ತಾರೆ. ಅವಳ ಗ್ಯಾಸ್ ಮುಗಿಯುತ್ತ ಬಂದಿದೆ. ನನಗೆ ಇಂಡಕ್ಷನ್ ಇರುವಾಗ ನೀನು ಕೊಟ್ಟ ಸಿಲಿಂಡರ್ ಸುಮ್ಮನೆ ಕೂತಿದೆ. ಅವಳಿಗೆ ಕೊಡಲಾ? ಬೇಗ ಬರೆ.

ನಿನ್ನ ಕೈಗೆ ಮುತ್ತು ಕೊಡುತ್ತಾ,
ಪ್ರಮಿತಾ

*

ಚಂದಾಪುರ
26 ಏಪ್ರಿಲ್ 2026

ಚಿ. ಸೌ. ಪ್ರಮಿತಾಳಿಗೆ,

ನಿನ್ನ ಕಾಗದ ಓದಿ ನಿಮ್ಮಪ್ಪ ಎರಡು ಸಲ ನಕ್ಕರು. ಅಳಿಯಂದಿರ ಹೆಲ್ಮೆಟ್ ವಿಷಯ ಕಚೇರಿಯಲ್ಲೂ ಹೇಳಿ ಬಂದಿದ್ದಾರೆ. ತಾಲ್ಲೂಕು ಕಚೇರಿಯಲ್ಲಿ ಈಗ ಅವರಿಗೆ ಅದೇ ಕೆಲಸ.

ಗ್ಯಾಸಿನ ಚಿಂತೆ ನಿನಗೆ ಬೇಡ. ಅಪ್ಪ ಹೋಗಿ ನಮಗೂ ಒಂದು ಇಂಡಕ್ಷನ್ ತಂದಿದ್ದಾರೆ. ನನ್ನ ಹಿತ್ತಾಳೆ ಪಾತ್ರೆಗಳನ್ನು ಅದು ಒಪ್ಪುವುದಿಲ್ಲ. ಇಟ್ಟರೆ ಕೀಂ ಎಂದು ಅಳುತ್ತದೆ. ಸ್ಟೀಲಿನದು ಇಟ್ಟರೆ ಸುಮ್ಮನಾಗುತ್ತದೆ. ಮಡಿಗೆ ನಮ್ಮ ಅತ್ತೆಯವರ ಕಾಲದ ಬೋಗುಣಿ ಬಿಟ್ಟು ಸ್ಟೀಲ್ ಹಿಡಿಯಬೇಕಾಗಿ ಬಂತು. ಕಲಿಯುತ್ತೇನೆ.

ಸಿಲಿಂಡರ್ ನಿನಗೆ ಕೊಟ್ಟದ್ದು, ಅದು ನಿನ್ನದು. ಹೆಣ್ಣುಮಗಳಿಗೆ ಕೊಟ್ಟದ್ದರ ಲೆಕ್ಕ ತವರಿನವರು ಕೇಳುವುದಿಲ್ಲ. ದುಡಿಯುವವರ ಹೊಟ್ಟೆಗೆ ಹೋಗುವುದಾದರೆ ಕೊಡು.

ಮೇ ಹದಿನೇಳಕ್ಕೆ ಅಧಿಕಮಾಸ ಹಿಡಿಯುತ್ತದೆ. ನಿನ್ನ ಮದುವೆಯಾದ ವರ್ಷವೇ ಬಂದದ್ದು ನಮ್ಮ ಪುಣ್ಯ. ಹುಣ್ಣಿಮೆಯ ದಿನ ಇಬ್ಬರೂ ಬನ್ನಿ. ಅಳಿಯಂದಿರನ್ನು ಕೂಡಿಸಿ ಅಕ್ಕಿ-ಬೆಲ್ಲದಲ್ಲಿ ಕರಿದ ಮೂವತ್ಮೂರು ಅನಾರಸ, ಮೇಲೊಂದು ದೀಪ ಇಟ್ಟು ದಾನ ಕೊಡಬೇಕು. ಅಂಗಡಿಯದು ನಡೆಯುವುದಿಲ್ಲ. ಮಡಿಯಲ್ಲಿ, ತುಪ್ಪದಲ್ಲಿ, ನನ್ನ ಕೈಯಿಂದಲೇ ಆಗಬೇಕು.

ಕಾಗದ ಸಣ್ಣದಾಯಿತು ಎನ್ನಬೇಡ. ಬಿಸಿಲು ಜಾಸ್ತಿ, ಬರೆಯುವಾಗ ನಡುನಡುವೆ ಏಳಬೇಕಾಗುತ್ತದೆ.

ಸದಾ ನಿನ್ನ ಒಳಿತು ಬಯಸುವ
ಅಮ್ಮ

*

ವಾಡಿ
6 ಮೇ 2026

ಅಮ್ಮಾ, ನನ್ನ ಮಾಡರ್ನ್ ಅಮ್ಮಾ!

ನೀನು, ಅದೂ ಮಡಿಯಲ್ಲಿ, ಇಂಡಕ್ಷನ್ ಮುಂದೆ! ನಾನು ಇಡೀ ಕಾಲೋನಿಗೆ ಹೇಳಿಕೊಂಡು ಬಂದೆ. ಯುದ್ಧ ಕೆಟ್ಟದ್ದೇ, ಆದರೆ ನೋಡು, ಹಡಗು ನಿಂತ ಮೇಲೆ ತಾನೇ ನಮ್ಮ ಮನೆಗಳು ಬದಲಾದದ್ದು? ಇವರಿಗೂ ಅದನ್ನೇ ಹೇಳಿದೆ. ಇವರು ತಲೆ ಕೆರೆದುಕೊಂಡರು. ‘ಅಷ್ಟ್ ಸರಳ ಇಲ್ಲ ಪ್ರಮಿ. ನಮ್ಮ ಇನ್ವರ್ಟರ್‌ಗಳೂ ಬಂದರಿನ್ಯಾಗೇ ನಿಂತಾವ. ಬಿಸಿಲು ಬಿಟ್ಟಿ ಬರ್ತದ, ಅದನ್ನ ಹಿಡಿಯೋ ಡಬ್ಬಿ ಹಡಗಿನ್ಯಾಗ ಬರಬೇಕು.’ ಇಂಥ ಇಂಜಿನಿಯರನ್ನು ನೀವೇ ಹುಡುಕಿ ಕೊಟ್ಟದ್ದು. ರೊಮ್ಯಾನ್ಸ್ ಗೊತ್ತಿಲ್ಲ.

ಸಿಲಿಂಡರ್ ಕೊಟ್ಟೆ. ಅವತ್ತಿನ ಸೀನ್ ಕೇಳು. ಸೈದಾನಬಿ ಚಾಚಿ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

‘ಬೇಟಿ, ನಾಳಿಂದ ನಿಮ್ಮ ಸಾಹೇಬ್ರ ಹುಡುಗ್ರಿಗಿ ಹೇಳು, ಸೋಲಾರ್ ಪ್ಲೇಟೇ ತಿನ್ರಿ ಅಂತ. ನನ್ನ ಒಲಿ ಆರಿತು.’

‘ಚಾಚಿ, ಒಳಗ ಬರ್ರಿ. ಅಲ್ಲಿ ನೋಡ್ರಿ ಮೂಲ್ಯಾಗ.’

ಅವಳು ಸೀದಾ ಸಿಲಿಂಡರ್ ಹತ್ತಿರ ಹೋದಳು. ಅಲ್ಲಾಡಿಸಿ ನೋಡಿದಳು. ‘ತುಂಬಿದ್ದಾ? ಯಾರ್ದು?’

‘ನಮ್ಮಮ್ಮಂದು. ಬಳುವಳಿ ಅಂದ್ಕೋರಿ.’

‘ಯಾ ಅಲ್ಲಾ! ಬಂಗಾರ ಕೊಡ್ತಾರ, ಬೆಳ್ಳಿ ಕೊಡ್ತಾರ. ಉರಿ ಕೊಟ್ಟ ತಾಯಿನ್ನ ಇವತ್ತೇ ನೋಡ್ದೆ’ ಎಂದಳು. ನಾನು ಅತ್ತೇಬಿಟ್ಟೆ, ಖುಷಿಗೆ.

ಆ ಹುಡುಗರು ನಿನ್ನ ಸಿಲಿಂಡರಿನ ಅನ್ನ ಉಂಡು ಪ್ಯಾನಲ್ ಕೂಡಿಸುತ್ತಿದ್ದಾರೆ. ಅವರಿಗೂ ನಿನ್ನ ಅನಾರಸ ತಿನ್ನಿಸುತ್ತೇನೆಂದು ಮಾತು ಕೊಟ್ಟಿದ್ದೇನೆ! ಮೂವತ್ಮೂರು ಯಾವ ಮೂಲೆಗೆ? ನೂರರ ಮೇಲೆಯೇ ಮಾಡಮ್ಮಾ, ಪ್ಲೀಸ್. ಹೇಗೂ ಈಗ ಬಟನ್ ಒತ್ತಿದರೆ ಆಯಿತು.

ಒಂದು ತಕರಾರು ಇದೆ. ಕನ್ನಡಕ್ಕೋಸ್ಕರ ಕಾಗದ ಸರಿ, ಆದರೆ ಒಮ್ಮೆಯಾದರೂ ನಿನ್ನ ದನಿ ಕೇಳಬೇಡವೇ? ನಿನ್ನೆ ಸಂಜೆ ಫೋನ್ ಮಾಡಿದರೆ ಮತ್ತೆ ಅಪ್ಪನೇ. ‘ಆಕಿ ಮಡಿಯಾಗ ಅದಾಳವ್ವಾ, ಫೋನ್ ಮುಟ್ಟಂಗಿಲ್ಲ.’ ‘ಅಪ್ಪಾ, ಸಂಜಿಮುಂದ ಎಂಥಾ ಮಡಿ?’ ಎಂದರೆ, ‘ಅಧಿಕಮಾಸ ಬರ್ಲಿಕತ್ತದಲ್ಲಾ, ಪ್ರ್ಯಾಕ್ಟೀಸ್ ಮಾಡ್ಲಿಕತ್ತಾಳ’ ಎಂದರು. ಹಿಂದೆ ಯಾರೋ ಕೆಮ್ಮುತ್ತಿದ್ದರು, ಬಹಳ ಹೊತ್ತು. ಕೇಳಿದರೆ ಮಗ್ಗುಲ ಮನೆಯ ಅಜ್ಜಿಯಂತೆ. ಪಾಪ, ಅವರಿಗೂ ಇಂಡಕ್ಷನ್ ಕೊಡಿಸಿ.

ಹುಣ್ಣಿಮೆಗೆ ಹಾರಿ ಬರುವ
ಪ್ರಮಿ

*

ಚಂದಾಪುರ
14 ಮೇ 2026

ಚಿ. ಸೌ. ಪ್ರಮಿತಾ,

ಆಗಲಿ, ನೂರರ ಮೇಲೆಯೇ ಮಾಡುತ್ತೇನೆ. ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಅಕ್ಕಿ ಮೂರು ದಿನ ನೆನೆಯಬೇಕು, ದಿನಾ ನೀರು ಬದಲಿಸಬೇಕು. ಮೊದಲು ಸ್ವಲ್ಪ ಮಾಡಿ ನೋಡುತ್ತೇನೆ, ಕಚೇರಿಯ ದಶರಥ ವಾಡಿಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಕೊಡ್ಲಿ ಊರಿನ ರೈತ ಅಂಬಾರಾಯ ಒಂದು ಗಾಡಿ ತೊಗರಿ ಕಟ್ಟಿಗೆ ತಂದು ಹಿತ್ತಲಲ್ಲಿ ಹಾಕಿ ಹೋದ. ಸ್ನಾನದ ನೀರಿಗೆ ಆಗುತ್ತದೆ.

ಸೈದಾನಬಿಯವರಿಗೆ ನನ್ನ ನಮಸ್ಕಾರ ಹೇಳು. ಅವರು ಅಂದ ಮಾತನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಅವರು ಎದ್ದು ಹೊರಗೆ ಹೋದರು.

ಅಮ್ಮ

*

ವಾಡಿ
22 ಮೇ 2026

ಅಮ್ಮಾ ಅಮ್ಮಾ ಅಮ್ಮಾ,

ಡಬ್ಬಿ ಬಂತು! ದಶರಥ ಕಾಕಾ ಚಹಾ ಕುಡಿದು ಮುಗಿಸುವ ಮೊದಲೇ ಅರ್ಧ ಡಬ್ಬಿ ಖಾಲಿ. ಗಸಗಸೆ ಒಂದೂ ಉದುರಿಲ್ಲ, ನಡುವೆ ಆ ಜಾಳಿಗೆಯಂಥ ತೂತು, ಬಾಯಲ್ಲಿಟ್ಟರೆ ಕರಗುತ್ತದೆ. ಇಂಡಕ್ಷನ್ ಮೇಲೆ ಇಷ್ಟು ಮಂದ ಉರಿ ಹೇಗೆ ಹಿಡಿದೆ? ನನಗೂ ಕಲಿಸು.

ಒಂದು ತಮಾಷೆ. ಇವರು ಒಂದು ಕಚ್ಚಿ, ಮೂಸಿ ನೋಡಿ, ‘ಇದರಾಗ ಕಟಿಗಿ ಹೊಗಿ ವಾಸನಿ ಅದಲ್ಲ? ಒಲಿ ಮ್ಯಾಲ ಮಾಡ್ಯಾರೇನು?’ ಎಂದರು. ನಾನು ಬಿದ್ದುಬಿದ್ದು ನಕ್ಕೆ. ‘ಅದು ಸ್ನಾನದ ಒಲಿ ವಾಸನಿ, ಹಿತ್ತಲ ತುಂಬ ಹರಡ್ತದ. ಹೈದರಾಬಾದಿನ್ಯಾಗ ಈ ಹೊಗಿ ಘಮಕ್ಕ ಜನಾ ಕ್ಯೂ ಹಚ್ತಾರ, ತಿನ್ರಿ ಸುಮ್ನ’ ಎಂದೆ. ಇವರು ಆಮೇಲೆ ತಿನ್ನಲಿಲ್ಲ. ದಶರಥ ಕಾಕಾನೂ ಯಾಕೋ ನೆಲ ನೋಡುತ್ತಾ ಕೂತರು. ‘ಬಾಯಾರು ಆರಾಮ ಅದಾರೇನು?’ ಎಂದು ಇವರು ಕೇಳಿದರೆ, ‘ಅದಾರ್ರಿ... ಒಮ್ಮೆ ಬಂದ್ ಹೋಗ್ರಿ’ ಎಂದರು. ಬರುತ್ತಲೇ ಇದ್ದೇವಲ್ಲ!

ಉಳಿದದ್ದನ್ನು ಪ್ಯಾನಲ್ ಹುಡುಗರಿಗೆ ಹಂಚಿದೆ. ಇನ್ನೂ ಬೇಕಂತೆ. ಹುಣ್ಣಿಮೆಗೆ ದೊಡ್ಡ ಡಬ್ಬಿಯನ್ನೇ ತರುತ್ತೇನೆ. ಹಸಿರು ಸೀರೆ ಉಡಲೋ, ನೇರಳೆಯೋ? ಇದಕ್ಕಾದರೂ ಉತ್ತರ ಬರೆ.

ನಿನ್ನ ಪ್ರಮಿ

*

ವಾಡಿ
4 ಜೂನ್ 2026

ಅಮ್ಮಾ,

ಕಾಗದವನ್ನು ಅಪ್ಪ ಆಸ್ಪತ್ರೆಯಲ್ಲಿ ನಿನ್ನ ಮಂಚದ ಹತ್ತಿರ ಓದುತ್ತಾರೆ. ನೀನು ಮಾತಾಡಬೇಡ. ನನ್ನನ್ನು ನೋಡಿದರೆ ನೀನು ಆಕ್ಸಿಜನ್ ಮಾಸ್ಕ್ ತೆಗೆದು ಮಾತಾಡುತ್ತೀ, ಕೆಮ್ಮು ಏರುತ್ತದೆ. ಅದಕ್ಕೇ ಡಾಕ್ಟರು ನನ್ನನ್ನು ವಾರ್ಡಿನಿಂದ ಕಳಿಸಿಬಿಟ್ಟರು. ಇವರು ರೈಲಿನಲ್ಲಿ ದಿನ ಬಿಟ್ಟು ದಿನ ಕಲಬುರಗಿಗೆ ಬರುತ್ತಾರೆ, ಇವರ ಕೈಯಲ್ಲೇ ಕಾಗದ ಕಳಿಸುತ್ತೇನೆ.

ಹುಣ್ಣಿಮೆಯ ದಿನ ಬಾಗಿಲ ಹೊರಗೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ನಾವು ಬಂದಾಗ ಮಡಿ ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಅಪ್ಪ ಹೊರಗೆ ನಿಂತಿದ್ದರು. ‘ಒಳಗ ಹೋಗಬ್ಯಾಡ, ಮಡಿ ಅದ.’

‘ಮಾಮಾ, ಬಾಗಿಲ ಕೆಳಗಿಂದ ಹೊಗಿ ಬರ್ಲಿಕತ್ತದ!’ ಎಂದರು ಇವರು.

‘ಗೊತ್ತದ. ಆದ್ರ ಮುಟ್ಟಿದ್ರ ಅಷ್ಟೂ ಅನಾರಸ ಮೈಲಿಗಿ ಆಗ್ತಾವ. ಆಕಿ ಹೊಳ್ಳಿ ಮೊದ್ಲಿಂದ ಮಾಡ್ಲಿಕ್ಕೆ ಕುಂದ್ರತಾಳ. ಮುಗೀಲಿಕ್ಕೆ ಬಂದದ, ತಡೀರಿ. ಇನ್ನಷ್ಟು ಹೊಗಿ ಬ್ಯಾಡ ಆಕಿಗೆ.’

ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಯಾಕೆಂದರೆ ನಾನೂ ನಿಂತೆ. ‘ಅಮ್ಮಾ, ಬಂದೆವು’ ಎಂದು ಹೊಸ್ತಿಲ ಹೊರಗಿನಿಂದ ಕೂಗಿದೆ. ಬಾಣಲೆಯ ಸದ್ದು ಕೇಳುತ್ತಿತ್ತು, ನೀನು ಕರಿಯುತ್ತಿದ್ದೀ ಅಂದುಕೊಂಡೆ. ಆಮೇಲೆ ತುಪ್ಪ ಸೀಯುವ ವಾಸನೆ ಬಂತು. ನೀನು ಯಾವತ್ತೂ ತುಪ್ಪ ಸೀಯಲು ಬಿಟ್ಟವಳಲ್ಲ. ಆಗ ಬಾಗಿಲು ತಳ್ಳಿದೆ, ಪ್ರಯಾಣದ ಬಟ್ಟೆಯಲ್ಲೇ. ನೀನು ಗೋಡೆಗೆ ಒರಗಿ ಕೂತಿದ್ದೆ, ಕೈಯಲ್ಲಿ ತೂತಿನ ಸೌಟು, ತುಟಿ ನೀಲಿ. ನನ್ನನ್ನು ನೋಡಿ ಕೈಸನ್ನೆ ಮಾಡಿದೆ: ಮುಟ್ಟಬೇಡ.

ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಎಲ್ಲ ಹೇಳಿದರು. ಮಾರ್ಚ್‌ನಲ್ಲೇ ನಿಮ್ಮಲ್ಲಿ ಉಳಿದಿದ್ದ ಸಿಲಿಂಡರ್ ಮುಗಿದಿತ್ತಂತೆ. ಇಂಡಕ್ಷನ್ ತಂದದ್ದು ನಿಜವಂತೆ, ಆದರೆ ಓಣಿಯವರೆಲ್ಲ ತಂದರು, ಟ್ರಾನ್ಸ್‌ಫಾರ್ಮರ್ ಸುಟ್ಟಿತಂತೆ, ರಿಪೇರಿಯಾಗಿ ಮತ್ತೆ ಸುಟ್ಟಿತಂತೆ. ಫೋನು ಬೇಡ ಅಂದದ್ದು ಕನ್ನಡಕ್ಕಲ್ಲ, ನಿನ್ನ ಕೆಮ್ಮು ನನಗೆ ಕೇಳಬಾರದೆಂದು. ಮಡಿಯಲ್ಲಿದ್ದಾಳೆ ಅಂತ ಅಪ್ಪ ಹೇಳಿದಾಗೆಲ್ಲ ನೀನು ಪಕ್ಕದಲ್ಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿರುತ್ತಿದ್ದೆಯಂತೆ.

ನಾನು ನೂರು ಕೇಳಿದೆ. ಹೊಗೆಯ ಘಮ ಅಂದೆ.

ಮೊನ್ನೆ ವಾಡಿಗೆ ಬಂದವಳೇ ಸಿಲಿಂಡರ್ ತಿರುಗಿ ಕೇಳಲು ಸೈದಾನಬಿ ಚಾಚಿಯ ಹತ್ತಿರ ಓಡಿದೆ. ಸಿಲಿಂಡರ್ ಎಂದೋ ಖಾಲಿಯಾಗಿದೆ. ಅವಳಿಗೆ ಎಲ್ಲ ಹೇಳಿದೆ. ‘ಬೇಟಿ, ಕೇಳಿದ್ದೆನಲ್ಲಾ ನಾ, ಯಾರ್ದು ಅಂತ’ ಎಂದಳು, ಅಷ್ಟೇ.

ಈಗ ಕೇಳು. ಹೊಗೆಯಿರುವ ಮನೆಗೆ ಕಳಿಸುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಇಲ್ಲಿ ಕರೆಂಟ್ ಒಂದು ನಿಮಿಷವೂ ಹೋಗುವುದಿಲ್ಲ. ನೀನು ಇಲ್ಲಿಗೇ ಬಾ. ಹಿತ್ತಲ ಒಲೆ ಕಿತ್ತು ಹಾಕಲು ಅಪ್ಪನಿಗೆ ಹೇಳಿದ್ದೇನೆ.

ಪ್ರಮಿತಾ

*

ಕಲಬುರಗಿ, ಆಸ್ಪತ್ರೆ
7 ಜೂನ್ 2026

ಪ್ರಮಿತಾ,

ಅಕ್ಷರ ಸೊಟ್ಟಗಾದರೆ ಕೈಯದು ತಪ್ಪು, ಮನಸ್ಸು ನೆಟ್ಟಗಿದೆ.

ಒಲೆ ಕಿತ್ತರೆ ಏನಾಯಿತು? ಶಹಾಬಾದ ಸೀಮೆಯಲ್ಲಿ ಕಲ್ಲಿಗೇನು ಬರ? ಮೂರು ಕಲ್ಲು ಇಟ್ಟರೆ ಎಲ್ಲಿ ಬೇಕಾದರೂ ಒಲೆ.

ನೀನು ನೂರು ಕೇಳಿದ್ದಕ್ಕೆ ಅಳಬೇಡ. ಆಗುವುದಿಲ್ಲ ಎಂದು ಬರೆಯಲು ನನಗೆ ಕೈ ಇತ್ತು. ನಿನ್ನ ಒಂದೊಂದು ಕಾಗದದಲ್ಲೂ ಅಷ್ಟು ಸಂತೋಷ ಇರುತ್ತಿತ್ತು. ನನ್ನ ಸಿಲಿಂಡರಿನ ಅನ್ನ ಉಂಡು ಅವರು ಪ್ಯಾನಲ್ ಕೂಡಿಸುತ್ತಿದ್ದಾರೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಅವತ್ತು ಒಲೆ ಮುಂದೆ ಕೂತಾಗ ನನಗೆ ಹೆಮ್ಮೆಯೇ ಅನಿಸಿತ್ತು. ಹೆಮ್ಮೆಗೆ ಕೆಮ್ಮು ಗೊತ್ತಾಗುವುದಿಲ್ಲ.

ಆದರೆ ನಿನ್ನ ಮನೆಗೆ ನಾನು ಬರುವಂತಿಲ್ಲ. ಮಗಳಿಗೆ ಮಗು ಆಗುವವರೆಗೆ ಅವಳ ಮನೆಯಲ್ಲಿ ತಾಯಿ-ತಂದೆ ಉಣ್ಣಬಾರದು. ನೀನು ಹುಟ್ಟುವ ಮೊದಲು ನಮ್ಮಮ್ಮ ಒಮ್ಮೆ ನನ್ನ ತವರು ತೆಂಗಳಿಯಿಂದ ಬಿಸಿಲಲ್ಲಿ ನಡೆದು ಬಂದಳು, ನನ್ನ ಮನೆಯಲ್ಲಿ ನೀರು ಕುಡಿದು ಎದ್ದು ಹೋದಳು. ನಾನು ಬಾಗಿಲಲ್ಲಿ ನಿಂತು ಅತ್ತೆ, ಆದರೂ ಒಪ್ಪಲಿಲ್ಲ. ಸೇಡಂನಲ್ಲಿ ನಿನ್ನ ಅತ್ತೆಯವರು ಏನೆಂದುಕೊಂಡಾರು? ಬಂದು ಒಂದು ದಿನ ಇದ್ದು ಹೋಗುವ ಮಾತೂ ಅಲ್ಲ, ತಿಂಗಳುಗಟ್ಟಲೆ.

ಶುಕ್ರವಾರ ಬಿಡುತ್ತಾರಂತೆ. ಚಂದಾಪುರಕ್ಕೇ ಹೋಗುತ್ತೇವೆ. ಕರೆಂಟ್ ಬರುತ್ತಾ ಹೋಗುತ್ತಾ ಇದೆಯಂತೆ, ಬಂದಾಗ ಮಾಡಿಕೊಳ್ಳುತ್ತೇನೆ. ಹಟ ಮಾಡಬೇಡ.

ಅಮ್ಮ

*

ವಾಡಿ
10 ಜೂನ್ 2026

ಅಮ್ಮಾ,

ನಿನ್ನನ್ನು ಒಪ್ಪಿಸಲು ಇಲ್ಲಿಯ ಕರೆಂಟ್ ಒಂದೇ ನನ್ನ ಕೈಯಲ್ಲಿತ್ತು. ನಿನ್ನೆಯಿಂದ ಅದೂ ಇಲ್ಲ. ಗ್ಯಾಸ್ ಸಿಗದವರೆಲ್ಲ ಕರೆಂಟಿಗೆ ಬಿದ್ದಿದ್ದಾರೆ, ಕಲ್ಲಿದ್ದಲೆಲ್ಲ ದೊಡ್ಡ ವಿದ್ಯುತ್ ಕೇಂದ್ರಗಳಿಗೆ ಹೋಗುತ್ತಿದೆಯಂತೆ. ಫ್ಯಾಕ್ಟರಿಗೆ ಬರಬೇಕಾದ ರೈಲು ಬಂದಿಲ್ಲ. ಬಾಯ್ಲರ್ ಅರ್ಧ ಉರಿಯುತ್ತಿದೆ, ಕಾಲೋನಿಗೆ ಮಧ್ಯಾಹ್ನದಿಂದ ಸಂಜೆಯವರೆಗೆ ಕರೆಂಟ್ ಕಟ್. ಇನ್ವರ್ಟರ್‌ಗಳು ಇನ್ನೂ ಬಂದಿಲ್ಲ. ಇವರು ಮಧ್ಯಾಹ್ನ ಕಿಟಕಿಯಲ್ಲಿ ನಿಂತು ಆ ಪ್ಯಾನಲ್‌ಗಳನ್ನು ನೋಡುತ್ತಿರುತ್ತಾರೆ. ಅಷ್ಟು ಬಿಸಿಲು ಬಿದ್ದಿರುತ್ತದೆ ಅವುಗಳ ಮೇಲೆ. ಒಂದು ಫ್ಯಾನ್ ತಿರುಗುವುದಿಲ್ಲ.

‘ಇದನ್ನ ಈಗ ಅವರಿಗೆ ಬರೀಬ್ಯಾಡ. ಮೊದಲ ಬರ್ಲಿ, ಆಮ್ಯಾಲ ಹೇಳೂಣು’ ಎಂದರು ಇವರು. ನಾನೂ ಹಾಗೇ ಅಂದುಕೊಂಡಿದ್ದೆ. ‘ಇಲ್ಲಿ ಎಲ್ಲ ಆರಾಮ’ ಎಂದು ಬರೆಯಲು ಕೂತೆ. ಎಷ್ಟು ಸಲೀಸಾಗಿ ಬಂತು ಆ ಸಾಲು! ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಆದ್ದರಿಂದ ಇದ್ದದ್ದು ಇದ್ದ ಹಾಗೆ. ಇಲ್ಲಿ ಅರ್ಧ ದಿನ ಕರೆಂಟ್ ಇರುತ್ತದೆ. ಉಳಿದರ್ಧ ದಿನ ತಣ್ಣಗಿನದು ತಿನ್ನಬೇಕು. ಸೆಕೆ ವಿಪರೀತ. ನನ್ನ ಅಡುಗೆ ಅಷ್ಟಕ್ಕಷ್ಟೇ. ಸೇಡಂಗೆ ಫೋನ್ ಮಾಡಿ ನಾನೇ ಕೇಳಿದೆ. ಅತ್ತೆಯವರು ‘ನಿಮ್ಮವ್ವಗ ಬಿಟ್ಟದ್ದವ್ವಾ’ ಎಂದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಇಷ್ಟೆಲ್ಲ ಕೇಳಿಯೂ ಬರುತ್ತೀಯಾ? ನಿನಗೆ ಮಗು ತೋರಿಸಿಯೇ ಅನ್ನ ಹಾಕುವಷ್ಟು ತಾಳ್ಮೆ ನನಗಿದೆ. ನಿನ್ನ ಎದೆಗೆ ಇದೆಯೋ ಇಲ್ಲವೋ ಎಂದು ಡಾಕ್ಟರನ್ನು ಕೇಳಿದೆ. ‘ಮೊದಲ ಹೊಗಿ ಬಿಡಸ್ರಿ’ ಎಂದರು.

ಪ್ರಮಿತಾ

*

ಕಲಬುರಗಿ, ಆಸ್ಪತ್ರೆ
11 ಜೂನ್ 2026

ಪ್ರಮಿತಾ,

ನಿನ್ನ ಕಾಗದ ಓದಿ ನಿಮ್ಮಪ್ಪ, ‘ಅಲ್ಲೂ ಕರೆಂಟ್ ಇಲ್ಲಂದ್ರ ಮತ್ಯಾಕ ಹೋಗೋದು? ನಮ್ಮನಿಗೇ ಹೋಗೂಣು’ ಎಂದರು. ನಾನು ತಲೆ ಅಲ್ಲಾಡಿಸಿದೆ. ನಮ್ಮ ಮನೆಯಲ್ಲಿ ಕರೆಂಟ್ ಹೋದ ದಿನ ನಾನು ಬೆಂಕಿ ಹಚ್ಚಿಯೇ ಹಚ್ಚುತ್ತೇನೆ, ನನ್ನ ಗುಣ ನನಗೆ ಗೊತ್ತು. ನಿಮ್ಮಪ್ಪ ತಡೆಯುವವರಲ್ಲ, ಹೊರಗೆ ನಿಂತು ಕಾಯುವವರು. ನೀನಾದರೆ ಬಾಗಿಲು ತಳ್ಳುತ್ತೀ.

ಅವರು ಆಮೇಲೆ ಒಂದು ಹಾದಿ ಹುಡುಕಿದರು. ‘ಅವಲಕ್ಕಿ, ಬಾಳಿಹಣ್ಣು ತಿಂದ್ರ ಮಗಳ ಮನ್ಯಾಗ ಉಂಡಂಗ ಆಗಂಗಿಲ್ಲ. ಹಿರ್ಯಾರ ಮಾತೂ ಉಳೀತದ, ನೀನೂ ಉಳೀತಿ.’ ತಾಲ್ಲೂಕು ಕಚೇರಿಯ ಬುದ್ಧಿ. ನಗು ಬಂತು, ನಕ್ಕರೆ ಕೆಮ್ಮು ಬಂತು, ನರ್ಸ್ ಬೈದಳು.

ಅವಲಕ್ಕಿ ಬೇಡ. ನಾಳೆ ಬೆಳಿಗ್ಗೆ ಕರೆಂಟ್ ಇದ್ದಾಗ ಅನ್ನ, ತೊವ್ವೆ ಮಾಡಿಡು. ನಾವು ಬರುವ ಹೊತ್ತಿಗೆ ಆರಿದ್ದರೂ ನಡೆಯುತ್ತದೆ. ಉಣ್ಣಲಿಕ್ಕೆ ಬರುತ್ತೇನೆ.

ಅಮ್ಮ